ಜಾಡಿಯ ಮೇಲಿನ ಮುಖ

ಆಲ್ಡರ್ ಫೋರ್ಡ್, ವಿಸ್ಕಾನ್ಸಿನ್
ಜೂನ್ 8, 2009

ಪ್ರೀತಿಯ ಈನಿಡ್ ಚಿಕ್ಕಜ್ಜಿಗೆ,

ಇವತ್ತು ಬೆಳಿಗ್ಗೆ ಅಪ್ಪ ನಾಯಿಯನ್ನು ಹೆಸರು ಹಿಡಿದು ಕರೆಯಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತು ಅದರ ತಟ್ಟೆಗೆ ಚಮಚದಿಂದ ಬಡಿದ. ರೂಫಸ್ ಜೋಳದ ಹೊಲದ ಅಂಚಿನಿಂದ ಓಡಿಬಂತು. ಆದರೆ ತಟ್ಟೆ ಮುಂದಿಟ್ಟರೂ ಬಾಯಿ ಹಾಕದೆ ಅಪ್ಪನ ಮುಖವನ್ನೇ ನೋಡುತ್ತ ನಿಂತಿತು. ಅದಕ್ಕೆ ತನ್ನ ಹೆಸರು ಬೇಕಿತ್ತು. ನಾನು ಅಡುಗೆಮನೆಯ ಕಿಟಕಿಯಿಂದ 'ರೂಫಸ್' ಅಂದೆ. ಅದಕ್ಕೆ ಕೇಳಿಸಲಿಲ್ಲ. ನನ್ನ ಧ್ವನಿ ಯಾರಿಗೂ ಕೇಳಿಸುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಹಿಲ್ಡಾ ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟಾಗಲೆಲ್ಲ ನೀವು ಆ ಕಡೆಯಿಂದ 'ಲೈನು ಹೋಯಿತಾ?' ಎಂದು ಕೇಳುತ್ತಿದ್ದಿರಿ.

ಅಜ್ಜಿ ತೀರಿಕೊಂಡ ಮೇಲೆ ಅವಳ ಪೆನ್ನಿನ ಜೊತೆ ಇಂಗ್ಲೆಂಡಿನಲ್ಲಿರುವ ತಂಗಿಗೆ ಕಾಗದ ಬರೆಯುವ ಅವಳ ಕೆಲಸವೂ ನನ್ನ ಪಾಲಿಗೆ ಬಂತು. ಬರೆಯುವುದಾದರೆ ನನಗೆ ಹೆದರಿಕೆಯಿಲ್ಲ. ಸಾಹಿತ್ಯ ಓದಿ ಮುಗಿಸಿದವಳಿಗೆ ಈ ಊರು ಕೊಟ್ಟದ್ದು ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ, ಮತ್ತೆ ಜಾಡಿಗಳ ಮೇಲೆ ಬರೆಯುವ ಕೆಲಸ. ಯಾರಿಗಾದರೂ ಆರೋಗ್ಯ ಕೆಟ್ಟರೆ ಪೆಟ್ರೋಲ್ ಬಂಕಿನ ಗಲ್ಲಾದ ಪಕ್ಕ ಉಪ್ಪಿನಕಾಯಿಯ ದೊಡ್ಡ ಜಾಡಿ ಇಡುತ್ತಾರೆ. ಅದರ ಮೇಲೆ ಅವರ ಫೋಟೋ, ಫೋಟೋದ ಕೆಳಗೆ ಎರಡು ಸಾಲು. ಆ ಎರಡು ಸಾಲು ನನ್ನವು. ಈ ಸಲ ಲೈಲ್‌ಗೆ ಬರೆದೆ. ಲೈಲ್ ಛಾವಣಿ ಹೊದಿಸುವವನು, ಏಪ್ರಿಲ್‌ನಲ್ಲಿ ಮೇಲಿಂದ ಬಿದ್ದ. ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವನಿಗಾಗಿ ಊಟ ಇತ್ತು. ಎಂದಿನಂತೆ, ಊರವರು ಹಣ್ಣು ತುಂಬಿ ಬೇಯಿಸಿ ತಂದ ಪೈಗಳ ಹರಾಜು ಕೂಗಿದ್ದು ಅಪ್ಪ. ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಊರಿನ ಇನ್ನೊಬ್ಬ ಹರಾಜುಗಾರ ಡ್ವೇನ್‌ಗೆ ಬಿಟ್ಟುಕೊಟ್ಟ.

"ಏನೋ ವೆಂಡೆಲ್, ಗಂಟಲು ಮನೇಲೇ ಬಿಟ್ಟು ಬಂದ್ಯಾ?" ಎಂದು ಅಡುಗೆಯ ಉಸ್ತುವಾರಿ ನೋಡುವ ಆರ್ಡಿಸ್ ಕೇಳಿದಳು.

"ಧೂಳು ಕಣೇ. ನಿನ್ ನೆಲಮಾಳಿಗೆ ಗುಡಿಸಿ ಎಷ್ಟು ವರ್ಷ ಆಯ್ತು?" ಅಂದ ಅಪ್ಪ.

ಕಾಗದದ ಗಿರಣಿ ಚಳಿಗಾಲದಲ್ಲಿ ಮುಚ್ಚಿದ ಮೇಲೆ ಅಪ್ಪನಿಗೆ ಉಳಿದಿರುವುದು ಹರಾಜಿನ ಕೆಲಸ ಒಂದೇ. ಹೊತ್ತು ಹೋಗದಾಗ ಟಿವಿ ಹಾಕುತ್ತಾನೆ. ಇಲ್ಲಿ ಹೊಸ ಆರೋಗ್ಯ ಮಸೂದೆಯೊಂದು ಬರಲಿದೆ, ಹಾಗಾಗಿ ಟಿವಿಯಲ್ಲಿ ಈಗ ದಿನವಿಡೀ ನಿಮ್ಮ ದೇಶದ್ದೇ ಮಾತು. ನಮಗೂ ಬ್ರಿಟನ್ನಿನಂಥ ಸರ್ಕಾರಿ ವೈದ್ಯ ಬರುತ್ತಾನೆ ಎಂದು ಒಬ್ಬರು ಹೆದರಿಸುತ್ತಾರೆ, ಅಷ್ಟು ಅದೃಷ್ಟ ಎಲ್ಲಿಂದ ಎಂದು ಇನ್ನೊಬ್ಬರು ನಗುತ್ತಾರೆ. "ಅಲ್ಲಿ ಎಪ್ಪತ್ತು ದಾಟಿದ್ರೆ ಡಾಕ್ಟ್ರು ಬಾಗ್ಲೇ ತೆಗೆಯಲ್ವಂತೆ. ನಮ್ ಚಿಕ್ಕಮ್ಮ ಹೇಗೆ ಉಳ್ಕೊಂಡಿದ್ದಾಳೋ ಕೇಳು" ಎಂದು ಅಪ್ಪ ಹೇಳಿದ್ದಾನೆ. ಅದಕ್ಕೇ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮನೆಯ ಹಿಂದಿನ ಕಾಲುವೆಯಲ್ಲಿ ಈ ಬೇಸಿಗೆ ಯಾವ ಬಣ್ಣದ ದೋಣಿಗಳು ಬಂದಿವೆ?

ನಿಮ್ಮ
ಮೇರನ್

*

ಹಾರ್ಟನ್ ಬ್ರಿಗ್, ಯಾರ್ಕ್‌ಷೈರ್
ಜೂನ್ 19, 2009

ಮೇರನ್ ಮಗೂ,

ನಾನು ಬದುಕಿದ್ದೇನೆ ಎಂದು ನಿನ್ನಪ್ಪನಿಗೆ ಹೇಳು. ಎಪ್ಪತ್ತೊಂಬತ್ತಾಯಿತು. ನನ್ನನ್ನು ಸಾಯಿಸಲು ಸರ್ಕಾರದಿಂದ ಇನ್ನೂ ಯಾರೂ ಬಂದಿಲ್ಲ. ಬಂದರೆ ಕೂರಿಸಿ ಟೀ ಕೊಡುತ್ತೇನೆ, ಪಕ್ಕದ ಮನೆಯ ಸುರಿಂದರ್ ಮಾಡುವ ಟೀ ಕೊಟ್ಟರೆ ಅವರೇ ಮೊದಲು ಹೋಗುತ್ತಾರೆ.

ನಿನ್ನ ಕಾಗದ ಓದಿ ಹೇಳಿದ್ದಕ್ಕೆ ಸುರಿಂದರ್ ಏನಂದಳು ಗೊತ್ತಾ? "ಅಮೆರಿಕದೋರಿಗೆ ನಮ್ ಡಾಕ್ಟ್ರು ಬೇಡ್ವಂತಾ? ಒಳ್ಳೇದಾಯ್ತು ಬಿಡಿ, ಸಾಲು ಸ್ವಲ್ಪ ಚಿಕ್ಕದಾಗುತ್ತೆ."

ಇಲ್ಲಿ ಬೆಳಿಗ್ಗೆ ಫೋನು ಮಾಡಿದರೆ ಮಧ್ಯಾಹ್ನದ ಟೀಗೆ ಮೊದಲು ಡಾಕ್ಟರು ನೋಡಿ ಕಳಿಸುತ್ತಾರೆ. ಆಸ್ಪತ್ರೆಗೆ ಹೋಗಬೇಕೆಂದರೆ ಆಸ್ಪತ್ರೆ. ಯಾರೂ ಜೇಬು ಮುಟ್ಟಿ ನೋಡುವುದಿಲ್ಲ. ನಾನು ಹುಡುಗಿಯಾಗಿದ್ದಾಗ ನಮ್ಮಮ್ಮ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡು ಚಳಿಗಾಲವಿಡೀ ಕೂತಿದ್ದಳು, ಡಾಕ್ಟರಿಗೆ ಕೊಡಲು ದುಡ್ಡಿರಲಿಲ್ಲ. ಆಮೇಲೆ ಈ ವ್ಯವಸ್ಥೆ ಬಂತು. ನಿನ್ನಜ್ಜಿ ಅಷ್ಟರಲ್ಲಿ ತನ್ನ ಅಮೆರಿಕನ್ ಸಿಪಾಯಿಯ ಕೈ ಹಿಡಿದು ಹಡಗು ಹತ್ತಿಯಾಗಿತ್ತು. ಅವಳು ನೋಡಲಿಲ್ಲ, ಅವಳ ಮಗನಿಗೆ ಹೇಳಲೂ ಇಲ್ಲ ಅನ್ನಿಸುತ್ತದೆ.

ಆ ಲೈಲ್‌ನ ಊಟದ ವಿಷಯ ಓದಿ ಸಂತೋಷವಾಯಿತು. ಒಬ್ಬ ಮನುಷ್ಯ ಗುಣವಾಗಿ ಎದ್ದನೆಂದು ಇಡೀ ಊರು ಸೇರಿ ಪೈ ತಿನ್ನುವುದು! ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ನಾವು ಒಣ ಜನ. ಜಾಡಿಯ ಮೇಲೆ ಅವನ ಫೋಟೋ ಹಾಕಿದ್ದು ಸ್ವಲ್ಪ ಅತಿಯಾಯಿತು, ಆದರೆ ನೀವು ಅಮೆರಿಕದವರು.

ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೀದಿಯ ಜನ ಕಿಟಕಿಯ ಗಾಜಿಗೆ ಭುಜ ತಾಗುವಷ್ಟು ಹತ್ತಿರ ಹಾದುಹೋಗುತ್ತಾರೆ. ಧೂಳಿಗೆ ಜೇನು ಹಾಕಿದ ಬಿಸಿನೀರು ಕುಡಿಯಲಿ ಎಂದು ವೆಂಡೆಲ್‌ಗೆ ಹೇಳು.

ಈನಿಡ್ ಚಿಕ್ಕಜ್ಜಿ

*

ಆಲ್ಡರ್ ಫೋರ್ಡ್
ಜುಲೈ 3, 2009

ಪ್ರೀತಿಯ ಚಿಕ್ಕಜ್ಜಿಗೆ,

ಲೈಲ್ ಗುಣವಾಗಿದ್ದಕ್ಕೆ ಮಾಡಿದ ಊಟವಲ್ಲ ಅದು. ನಾನು ಸರಿಯಾಗಿ ಬರೆಯಲಿಲ್ಲ. ಅವನ ಬೆನ್ನಿನ ಆಪರೇಷನ್ನಿನ ಖರ್ಚಿಗೆ ಮಾಡಿದ ಊಟ. ಪೈ ಹರಾಜಿನ ದುಡ್ಡು ಅವನಿಗೇ, ಜಾಡಿಯಲ್ಲಿ ಜನ ಹಾಕುವ ದುಡ್ಡೂ ಅವನಿಗೇ. ನಿಮ್ಮ ಕಾಗದದ ಆ ಭಾಗವನ್ನು ಎರಡು ಸಲ ಓದಿದೆ. ನಾನು ಹುಟ್ಟಿದಾಗಿನಿಂದ ಇಂಥ ಊಟಗಳಿಗೆ ಹೋಗುತ್ತಿದ್ದೇನೆ. ಗೊತ್ತಿಲ್ಲದವರಿಗೆ ಅದು ಹಬ್ಬದಂತೆ ಕಾಣಬಹುದೆಂದು ಯಾವತ್ತೂ ಹೊಳೆದಿರಲಿಲ್ಲ.

ಕಾಗದವನ್ನು ಅಪ್ಪನಿಗೆ ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಸರ್ಕಾರದವರಿಗೆ ಟೀ ಕೊಡುವ ಮಾತಿಗೆ ನಕ್ಕ. ನಗು ಕೆಮ್ಮಾಯಿತು.

"ನಿಮ್ಮಜ್ಜಿ ತಂಗಿ ಸುಳ್ಳು ಹೇಳೋಳಲ್ಲ" ಅಂದ. "ಆದ್ರೆ ಪೂರ್ತಿ ಹೇಳೋಳೂ ಅಲ್ಲ. ಸಾಲು ಚಿಕ್ಕದಾಗುತ್ತೆ ಅಂದ್ಳಲ್ಲ ಆ ಪಕ್ಕದ್ಮನೆಯವ್ಳು, ಯಾವ ಸಾಲು ಅಂತ ಕೇಳು."

"ಇಲ್ಲಿ ಸಾಲೇ ಇಲ್ವಲ್ಲಪ್ಪ. ಒಳಗೇ ಬಿಡಲ್ಲ."

"ಲೈಲ್‌ನ ಬಿಟ್ರಲ್ಲ? ಯಾರು ಬಿಡಿಸಿದ್ದು? ನಾವು. ಯಾವ ಸರ್ಕಾರಾನೂ ಅಲ್ಲ. ಈ ಊರು ತನ್ನೋರನ್ನ ತಾನು ನೋಡ್ಕೊಳ್ಳುತ್ತೆ."

ಆ ಮಾತು ಸುಳ್ಳಲ್ಲ, ಚಿಕ್ಕಜ್ಜಿ. ಇಪ್ಪತ್ತು ವರ್ಷದಿಂದ ಅಪ್ಪ ಒಂದು ಊಟವನ್ನೂ ತಪ್ಪಿಸಿಲ್ಲ. ಮುರುಕು ಪೈಯನ್ನೂ ಚಿನ್ನದ ಕಿರೀಟದಂತೆ ಎತ್ತಿ ಹಿಡಿದು ಕೂಗುತ್ತಾನೆ. ಜಿಪುಣ ಕೂಡ ನಾಚಿಕೊಂಡು ಕೈ ಎತ್ತುತ್ತಾನೆ.

ಅಪ್ಪ ಚೆನ್ನಾಗಿದ್ದಾನೆ. ಜೇನುನೀರು ಕುಡಿಯುತ್ತಿದ್ದಾನೆ. ಈ ತಿಂಗಳ ದನದ ಸಂತೆಯ ಹರಾಜು ಡ್ವೇನ್ ಮಾಡಿದ, ಅಪ್ಪನಿಗೆ ಸ್ವಲ್ಪ ವಿಶ್ರಾಂತಿ ಇರಲೆಂದು ಅಷ್ಟೇ. ಉಳಿದಂತೆ ಚೆನ್ನಾಗಿದ್ದಾನೆ. ಅರಿಝೋನಾದಿಂದ ಅಮ್ಮ ಫೋನು ಮಾಡಿದ್ದಳು. ಅವಳಿಗೂ ಅಪ್ಪ ಚೆನ್ನಾಗಿದ್ದಾನೆ ಅಂದೆ. ಅವರಿಬ್ಬರೂ ಬೇರೆಯಾಗಿ ಇಷ್ಟು ವರ್ಷವಾದರೂ ಅವಳು ಮೊದಲು ಕೇಳುವುದು ಅದನ್ನೇ.

ದೋಣಿಗಳ ಬಣ್ಣ ಬರೆಯಲಿಲ್ಲ ನೀವು.

ನಿಮ್ಮ
ಮೇರನ್

*

ಹಾರ್ಟನ್ ಬ್ರಿಗ್
ಜುಲೈ 14, 2009

ಮೇರನ್,

ಅಪ್ಪ ಚೆನ್ನಾಗಿದ್ದಾನೆ ಎಂದು ಒಂದೇ ಪುಟದಲ್ಲಿ ಮೂರು ಸಲ ಬರೆದಿದ್ದೀಯ. ಚೆನ್ನಾಗಿರುವವರ ಬಗ್ಗೆ ಯಾರೂ ಅಷ್ಟು ಬರೆಯುವುದಿಲ್ಲ.

ವೆಂಡೆಲ್ ಎಂಟು ವರ್ಷದವನಾಗಿದ್ದಾಗ ನಿನ್ನಜ್ಜಿ ಅವನನ್ನು ಕರೆದುಕೊಂಡು ಬಂದಿದ್ದಳು. ಕಾಲುವೆಯ ಆಚೆ ದಡದಲ್ಲಿ ನಿಂತು 'ಚಿಕ್ಕಮ್ಮಾ' ಎಂದು ಕೂಗಿದರೆ ಇಲ್ಲಿಯ ಬಟ್ಟೆ ಗಿರಣಿಯ ಸದ್ದಿನ ಮೇಲೂ ನನಗೆ ಕೇಳಿಸುತ್ತಿತ್ತು. ಆ ಹುಡುಗ ದನದ ಸಂತೆಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟನೇ? ಧೂಳಿಗೆ?

ಡಾಕ್ಟರ ಹತ್ತಿರ ಯಾಕೆ ಹೋಗಿಲ್ಲ? ದೂರವೇ? ಬಸ್ಸಿಲ್ಲವೇ? ಅಷ್ಟು ಸ್ವಾಭಿಮಾನ ಇದ್ದರೆ ನೀನೇ ಹೋಗಿ ಅವನ ಹೆಸರು ಬರೆಸಿ ಬಾ, ಮನೆಗೇ ಬಂದು ನೋಡಲಿ. ಇಲ್ಲಿ ಗಂಟಲು ಮೂರು ವಾರ ಕಟ್ಟಿದ್ದರೆ ಡಾಕ್ಟರೇ ಬೈದು ಆಸ್ಪತ್ರೆಗೆ ಕಳಿಸುತ್ತಾರೆ. ಇದರಲ್ಲಿ ಯೋಚಿಸುವುದೇನಿದೆ ಎಂದೇ ನನಗೆ ಅರ್ಥವಾಗುತ್ತಿಲ್ಲ.

ಟಿವಿಯವರ ಮಾತು ಕೇಳಿಕೊಂಡು ಗಂಟಲು ಕಳೆದುಕೊಳ್ಳಬೇಡ ಎಂದು ಹೇಳು ಅವನಿಗೆ.

ಈನಿಡ್ ಚಿಕ್ಕಜ್ಜಿ

*

ಆಲ್ಡರ್ ಫೋರ್ಡ್
ಜುಲೈ 26, 2009

ಚಿಕ್ಕಜ್ಜಿ,

ಡಾಕ್ಟರು ದೂರವಿಲ್ಲ. ಲೈಬ್ರರಿಯ ಕಿಟಕಿಯಿಂದ ಅವರ ಬಾಗಿಲು ಕಾಣಿಸುತ್ತದೆ. ದಿನಾ ನೋಡುತ್ತೇನೆ. ಇಲ್ಲಿ ಬಸ್ಸಿನ ಮಾತೇ ಅಲ್ಲ.

ಗಿರಣಿ ಮುಚ್ಚಿದಾಗ ಕೆಲಸದ ಜೊತೆ ಅವರು ಕೊಡುತ್ತಿದ್ದ ಆರೋಗ್ಯ ವಿಮೆಯೂ ಹೋಯಿತು. ಓದುವವರೆಗೆ ಅಪ್ಪನ ವಿಮೆಯಲ್ಲೇ ನಾನೂ ಇದ್ದೆ, ಓದು ಮುಗಿಸಿದ ದಿನವೇ ನನ್ನದು ಹೋಗಿತ್ತು, ಅದು ಬೇರೆ ಮಾತು. ಅಪ್ಪ ಈಗ ತಾನೇ ಒಂದು ವಿಮೆ ಕೊಳ್ಳಲು ನೋಡುತ್ತಿದ್ದಾನೆ. ಕಂಪನಿಯವರು ಮೊದಲು ಕೇಳುವುದು, ನಿಮಗೆ ಈಗಾಗಲೇ ಯಾವ ಕಾಯಿಲೆ ಇದೆ ಎಂದು. ಇದೆ ಅಂದರೆ ಕೊಡುವುದಿಲ್ಲ, ಕೊಟ್ಟರೂ ಆ ಕಾಯಿಲೆಯೊಂದನ್ನು ಬಿಟ್ಟು ಕೊಡುತ್ತಾರೆ. ಹಾಗಾಗಿ ಅಪ್ಪನ ಲೆಕ್ಕ ಹೀಗೆ: ಡಾಕ್ಟರು ನೋಡುವವರೆಗೆ ಇದು ಧೂಳು. ನೋಡಿದ ಕ್ಷಣ ಇದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದ ಮೇಲೆ ವಿಮೆಯಿಲ್ಲ. ಮೊದಲು ವಿಮೆ, ಆಮೇಲೆ ಡಾಕ್ಟರು. ಇಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಜಾಣರೂ ಮಾಡುತ್ತಾರೆ. ವಿಮೆಯವರ ಉತ್ತರ ಮೇ ತಿಂಗಳಿನಿಂದ ಬರುತ್ತಲೇ ಇದೆ.

"ಹಾಗಾದ್ರೆ ನಿನಗೂ ಒಂದು ಊಟ ಇಡೋಣ" ಎಂದೆ. ಚಿಕ್ಕಜ್ಜಿ, ಅಪ್ಪ ನನ್ನನ್ನು ಯಾವತ್ತೂ ಹಾಗೆ ನೋಡಿರಲಿಲ್ಲ.

"ಆ ಜಾಡಿ ಮೇಲೆ ನನ್ ಮುಖ ಅಂಟಿಸಿದ್ರೆ, ಆವತ್ತೇ ಈ ಊರು ಬಿಡ್ತೀನಿ" ಅಂದ. ಪಿಸುಮಾತಿನಲ್ಲಿ ಅಂದ, ಏಕೆಂದರೆ ಈಗ ಅವನಿಗೆ ಉಳಿದಿರುವುದು ಅಷ್ಟೇ.

ಆಗಸ್ಟ್ 22ಕ್ಕೆ ನಮ್ಮ ಕಡೆಯ ಸಂಸತ್ ಪ್ರತಿನಿಧಿ ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಸಭೆ ಕರೆದಿದ್ದಾರೆ. ಆರೋಗ್ಯದ ಮಸೂದೆಯ ಬಗ್ಗೆ ಜನ ಏನನ್ನುತ್ತಾರೆ ಕೇಳಲು. ಅಪ್ಪ ಮಾತಾಡಲು ಹೆಸರು ಕೊಟ್ಟಿದ್ದಾನೆ, ಬ್ರಿಟನ್ನಿನ ಪದ್ಧತಿಯ ವಿರುದ್ಧ.

ನಿಮ್ಮ ಮೇಲೆ ಸಿಟ್ಟು ಬಂತು. 'ಯೋಚಿಸುವುದೇನಿದೆ' ಎಂದು ಬರೆದಿರಲ್ಲ, ಅದಕ್ಕೆ. ಆಮೇಲೆ ನಿಮ್ಮ ಹಳೆಯ ಕಾಗದಗಳನ್ನು ತೆಗೆದು ಓದಿದೆ. ಅಜ್ಜಿಗೆ ಬರೆದ ಒಂದೊಂದರಲ್ಲೂ ಮಹಡಿಯ ಕಿಟಕಿಯಿಂದ ಕಾಣುವ ಕಾಲುವೆ ಇದೆ: ಹಸಿರು ದೋಣಿ, ಬಾತುಕೋಳಿಗೆ ಬೈಯುವ ಮುದುಕ, ಮಂಜು. ಈ ವಸಂತದಿಂದ ಒಂದರಲ್ಲೂ ಕಾಲುವೆ ಇಲ್ಲ. ಬರೀ ಮುಂದಿನ ಕೋಣೆ, ಗಾಜಿಗೆ ತಾಗುವ ಭುಜಗಳು.

ನೀವು ಮಹಡಿ ಹತ್ತಿ ಎಷ್ಟು ದಿನವಾಯಿತು, ಚಿಕ್ಕಜ್ಜಿ?

ಮೇರನ್

*

ಹಾರ್ಟನ್ ಬ್ರಿಗ್
ಆಗಸ್ಟ್ 6, 2009

ಮೇರನ್ ಮಗೂ,

ನಿನಗೆ ಸಾಹಿತ್ಯ ಓದಿಸಿದ್ದು ತಪ್ಪಾಯಿತು.

ಈಸ್ಟರ್‌ನಿಂದ ಹತ್ತಿಲ್ಲ. ಸೊಂಟದ ಕೀಲು ಸವೆದಿದೆ. ಸುರಿಂದರ್‌ನ ಮಕ್ಕಳು ಮಂಚವನ್ನು ಕೆಳಗಿಳಿಸಿಕೊಟ್ಟರು. ಹೊಸ ಕೀಲು ಹಾಕಲು ಜೂನ್‌ನಲ್ಲಿ ದಿನ ಕೊಟ್ಟಿದ್ದರು, ಮುಂದೆ ಹಾಕಿದರು. ಜುಲೈಗೆ ಅಂದರು, ಅದೂ ಹೋಯಿತು. ಕಾಯುತ್ತಿದ್ದೇನೆ. ನೋವಿದೆ. ಸುಳ್ಳು ಹೇಳುವುದಿಲ್ಲ, ಕೆಲವು ಸಲ ಸರ್ಕಾರವನ್ನು ಬಾಯಿತುಂಬ ಬೈಯುತ್ತೇನೆ.

ನಿನಗೆ ಯಾಕೆ ಬರೆಯಲಿಲ್ಲ ಎಂದರೆ, ವೆಂಡೆಲ್ ಅದನ್ನು ಬಾವುಟದಂತೆ ಹಿಡಿದು ಆಡಿಸುತ್ತಾನೆಂದು. ನಾನೊಬ್ಬಳು ಮುದುಕಿ ಕುಂಟಿದರೆ ಇಡೀ ದೇಶ ಕುಂಟಿದಂತೆ ಎಂದು ನಿಮ್ಮ ಟಿವಿಯವರು ಹೇಳುತ್ತಾರೆಂದು. ಸುರಿಂದರ್ ನನ್ನನ್ನು ಚೆನ್ನಾಗಿ ಬೈದಳು. "ಅಲ್ಲ ಈನಿಡಮ್ಮ, ಅಲ್ಲೊಬ್ಬ ದೇಶದ ಮಾನಕ್ಕೆ ಗಂಟಲು ಮುಚ್ಕೊಂಡಿದ್ದಾನೆ, ಇಲ್ಲಿ ನೀವು ದೇಶದ ಮಾನಕ್ಕೆ ಸೊಂಟ ಮುಚ್ಕೊಂಡಿದ್ದೀರಾ. ಒಳ್ಳೆ ಮನೆತನ ನಿಮ್ದು!"

ಸರಿಯಾಗಿ ಹೇಳಿದಳು. ಈಗ ಪೂರ್ತಿ ಕೇಳು. ನಾನು ಕಾಯುತ್ತಿದ್ದೇನೆ, ಆದರೆ ಕಾಯುವುದು ಒಂದೇ ನನ್ನ ಕೆಲಸ. ಈ ಸೊಂಟಕ್ಕಾಗಿ ನಾನು ಯಾರ ಮುಂದೆಯೂ ಒಳ್ಳೆಯವಳೆಂದು ತೋರಿಸಿಕೊಳ್ಳಬೇಕಿಲ್ಲ. ಬೀದಿಯಲ್ಲಿ ಅರ್ಧ ಜನಕ್ಕೆ ನಾನು ಇಷ್ಟವಿಲ್ಲ, ಆದರೂ ನನ್ನ ಸರದಿ ಬರುತ್ತದೆ. ನಿನ್ನ ಜಾಡಿಯ ಬಗ್ಗೆ ಯೋಚಿಸಿದಾಗ ನನಗೆ ಕಷ್ಟವಾದದ್ದು ಇಲ್ಲಿ. ಯಾರೂ ಇಷ್ಟಪಡದವನ ಜಾಡಿಯಲ್ಲಿ ಏನು ಬೀಳುತ್ತದೆ?

ಕಾಯಿಲೆಗೆ ಹೆಸರಿಡದೆ ಬಿಟ್ಟರೆ ಅದು ಬೆಳೆಯುವುದಿಲ್ಲವೇ? ಆ ಪದ್ಧತಿಯನ್ನು ಎರಡು ಸಲ ಓದಿ ಸುರಿಂದರ್‌ಗೆ ವಿವರಿಸಬೇಕಾಯಿತು. ಅವಳು ನಂಬಲಿಲ್ಲ.

ಸಭೆಯಲ್ಲಿ ನನ್ನ ಕಾಗದ ಓದಬೇಕೆನ್ನಿಸಿದರೆ ಓದು. ಓದಿದರೆ ಸೊಂಟವನ್ನೂ ಸೇರಿಸಿ ಓದು.

ಈನಿಡ್

*

ಆಲ್ಡರ್ ಫೋರ್ಡ್
ಆಗಸ್ಟ್ 23, 2009

ಪ್ರೀತಿಯ ಚಿಕ್ಕಜ್ಜಿ,

ಸೊಂಟದ ಕಾಗದ ಓದಿದ ಮೇಲೆ ನಿಮ್ಮನ್ನು 'ನೀನು' ಎಂದೇ ಕರೆಯಬೇಕೆನ್ನಿಸುತ್ತಿದೆ. ನಿನ್ನ ಕಾಗದವನ್ನು ಸಭೆಗೆ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ತೆಗೆಯಲಿಲ್ಲ. ಯಾಕೆಂದು ಹೇಳುತ್ತೇನೆ.

ಕ್ರೀಡಾಂಗಣ ತುಂಬಿ ಹೋಗಿತ್ತು, ಬಾಗಿಲ ಹೊರಗೂ ಜನ. ಬಾಸ್ಕೆಟ್‌ಬಾಲ್ ಕಂಬದ ಕೆಳಗೆ ಪ್ರತಿನಿಧಿ ತೋಳು ಮಡಚಿಕೊಂಡು ನಿಂತಿದ್ದರು. 'ನಮ್ಮ ಅಜ್ಜಂದಿರನ್ನು ಸಾಯಿಸಬೇಡಿ' ಎಂಬ ಫಲಕ, ಅದರ ಪಕ್ಕದಲ್ಲೇ 'ನನ್ನ ತಂಗಿಗೆ ವಿಮೆ ಇರಲಿಲ್ಲ' ಎಂಬ ಫಲಕ. ಎರಡನ್ನೂ ಹಿಡಿದವರು ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು. ನಿನ್ನೆ ಒಬ್ಬರನ್ನೊಬ್ಬರು ನೋಡಲಿಲ್ಲ. ಯಾರು ಎದ್ದು ಮಾತಾಡಿದರೂ ಅರ್ಧ ಸಭೆ ಕೂಗುತ್ತಿತ್ತು.

ಅಪ್ಪನ ಹೆಸರು ಕರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಎರಡೂ ಕಡೆಯವರು. ಅವನ ಕೂಗು ಕೇಳಿ ಬೆಳೆದವರು ಅವರೆಲ್ಲ. ಅಪ್ಪ ಮೈಕಿನ ಮುಂದೆ ನಿಂತ, ಕಾಗದ ಬಿಡಿಸಿದ, ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಿಂದಿನಿಂದ ಯಾರೋ "ಮೈಕ್ ಸರಿ ಮಾಡ್ರಪ್ಪ" ಅಂದರು. ಮೈಕು ಸರಿಯಾಗಿತ್ತು.

ಅಪ್ಪ ತಿರುಗಿ ನನ್ನನ್ನು ನೋಡಿ ಕಾಗದವನ್ನು ಚಾಚಿದ.

ನಾನು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ನನ್ನ ಕೈಯಲ್ಲಿದ್ದ ಮಾತು ನಾನು ಒಪ್ಪದ ಮಾತು. ನನ್ನ ಚೀಲದಲ್ಲಿ ನಿನ್ನ ಮಾತಿತ್ತು. ಒಂದು ಕ್ಷಣ ಅದನ್ನೇ ತೆಗೆದು ಓದಿಬಿಡಲೇ ಎಂದುಕೊಂಡೆ. ಆದರೆ ಧ್ವನಿ ಹೋದ ಮನುಷ್ಯನ ಸರದಿಯನ್ನು ಕದಿಯಲು ಮನಸ್ಸಾಗಲಿಲ್ಲ. ಅಪ್ಪ ಬರೆದದ್ದನ್ನೇ ಓದಿದೆ, ಒಂದು ಮಾತೂ ಬಿಡದೆ: "ಲೈಲ್ ಬಿದ್ದಾಗ ನಾವು ಸರ್ಕಾರವನ್ನು ಕೇಳಲಿಲ್ಲ. ಪೈ ಬೇಯಿಸಿದೆವು, ಕೂಗಿದೆವು, ಕೊಂಡೆವು. ಈ ಊರಿನಲ್ಲಿ ಯಾರೂ ಒಬ್ಬಂಟಿಯಲ್ಲ. ನಮಗೆ ಬ್ರಿಟನ್ನಿನ ಪದ್ಧತಿ ಬೇಡ, ನಮಗೆ ನಾವಿದ್ದೇವೆ."

ನನ್ನ ಧ್ವನಿ ಚಿಕ್ಕದೆಂದು ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಮುಗಿದ ಮೇಲೆ ಲೈಲ್ ಊರುಗೋಲು ಹಿಡಿದು ಎದ್ದ. ಅವನ ಸರದಿಯಲ್ಲ, ಆದರೂ ಯಾರೂ ತಡೆಯಲಿಲ್ಲ.

"ವೆಂಡೆಲ್, ನೀನ್ ಹೇಳಿದ್ದೆಲ್ಲ ನಿಜ. ನೀನ್ ಕೂಗ್ದೇ ಇದ್ದಿದ್ರೆ ನಾನಿವತ್ತು ಎದ್ದು ನಿಲ್ತಿರ್ಲಿಲ್ಲ. ಹಂಗಾದ್ರೆ ನಿನ್ ಊಟ ಯಾವತ್ತು?"

ಅಪ್ಪ ಬೇಡವೆಂದು ತಲೆಯಲ್ಲಾಡಿಸಿದ.

"ಯಾಕ್ ಬೇಡ ಅಂತ ನಂಗೊತ್ತು" ಅಂದ ಲೈಲ್. ಅವನ ಮುಖ ಕೆಂಪಾಗಿತ್ತು. "ಆ ಬಂಕಲ್ಲಿ ನನ್ ಮುಖ ಇತ್ತಲ್ಲ, ಜಾಡಿ ಮೇಲೆ? ಅದಿರೋವರ್ಗೂ ನಾವು ಪೆಟ್ರೋಲ್ ಹಾಕ್ಸೋಕೆ ಆಚೆ ಊರಿಗೆ ಹೋಗ್ತಿದ್ವಿ. ನನ್ ಹೆಂಡ್ತಿ ಓಡಿಸ್ತಿದ್ಲು, ನಾನ್ ಹಿಂದಿನ್ ಸೀಟಲ್ಲಿ ಮಲ್ಗಿರ್ತಿದ್ದೆ. ನಿಮ್ಮೆಲ್ರಿಗೂ ಋಣಿ ನಾನು. ಆದ್ರೂ ಆ ಬಂಕಿನ ಮುಂದೆ ಹೋಗಕ್ಕಾಗ್ಲಿಲ್ಲ." ಪ್ರತಿನಿಧಿಯ ಕಡೆ ತಿರುಗಿದ. "ನಂದು ಪ್ರಶ್ನೆ ಏನಿಲ್ಲ ಸಾರ್. ಇಷ್ಟು ಬರ್ಕೊಳ್ಳಿ ಸಾಕು."

ಅಪ್ಪ ಹೊರಗೆ ನಡೆದ.

ಗಾಡಿಯಲ್ಲಿ ಕೂತು ಕೀಲಿ ತಿರುಗಿಸಿದ. ಆಮೇಲೆ ಪಿಸುಗುಟ್ಟಿದ: "ಚೆನ್ನಾಗ್ ಓದ್ದೆ."

"ಅದನ್ನ ನಾನು ಒಪ್ಪಲ್ಲಪ್ಪ."

"ಗೊತ್ತು. ಅದ್ಕೇ ಚೆನ್ನಾಗಿತ್ತು."

ದಾರಿಯಲ್ಲಿ ಡಾಕ್ಟರ ಮನೆ ಬಂತು, ದಾಟಿದೆವು. ಬಂಕು ಬಂತು. ಅಪ್ಪ ನಿಧಾನ ಮಾಡಿದ.

"ಲೈಲ್ ಆಚೆ ಊರಿಗೆ ಹೋಗ್ತಿದ್ದಿದ್ದು ನಿಂಗೊತ್ತಿತ್ತಾ?"

"ಇಲ್ಲ."

"ಆ ಎರಡು ಸಾಲು ಬರ್ದಿದ್ದು ನೀನು. ಕೂಗಿದ್ದು ನಾನು. ಇಬ್ರಿಗೂ ಗೊತ್ತಿರ್ಲಿಲ್ಲ ನೋಡು."

ಮನೆ ತಲುಪಿದ ಮೇಲೆ, ಇಳಿಯುವ ಮುಂಚೆ, ಮುಂದಿನ ಗಾಜನ್ನೇ ನೋಡುತ್ತ ಹೇಳಿದ: "ಸೋಮವಾರ ಡಾಕ್ಟ್ರಿಗೆ ನೀನೇ ಫೋನ್ ಮಾಡು ಪುಟ್ಟಿ. ನನ್ ಮಾತು ಅವ್ರಿಗೆ ಕೇಳ್ಸಲ್ಲ."

ಫೋನೆಂದರೆ ನನಗೆ ಎಂಥ ಹೆದರಿಕೆ ಎಂದು ನಿನಗೆ ಗೊತ್ತು. ನಾಳೆ ಸೋಮವಾರ.

ನಿನ್ನ
ಮೇರನ್

*

(ಕಾರ್ಡು. ಮುಖಪುಟದಲ್ಲಿ ಕಾಲುವೆಯ ಚಿತ್ರ.)

ಹಾರ್ಟನ್ ಬ್ರಿಗ್
ಸೆಪ್ಟೆಂಬರ್ 1, 2009

ಫೋನು ಮಾಡಿದೆಯಾ? ಅವರು ಏನಂದರು? ಉದ್ದ ಬರೆಯಬೇಡ, ಬೇಗ ಬರೆ.

ನನಗೆ 15ಕ್ಕೆ ದಿನ ಕೊಟ್ಟಿದ್ದಾರೆ. ಈ ಸಲ ಮುಂದೆ ಹಾಕಿದರೆ ಸುರಿಂದರ್ ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಕೂರುತ್ತಾಳಂತೆ, ಊಟದ ಡಬ್ಬಿ ಸಮೇತ. ಲೈಲ್‌ಗೆ ನನ್ನ ನಮಸ್ಕಾರ ತಿಳಿಸು. ಈ ಚಿತ್ರ ಅಂಗಡಿಯಲ್ಲಿ ಕೊಂಡದ್ದು, ಕಿಟಕಿಯಿಂದ ನೋಡಿದ್ದಲ್ಲ. ಸದ್ಯಕ್ಕೆ ಇದೇ ಸಾಕು.

ಈ.

*

ಆಲ್ಡರ್ ಫೋರ್ಡ್
ಸೆಪ್ಟೆಂಬರ್ 13, 2009

ಪ್ರೀತಿಯ ಚಿಕ್ಕಜ್ಜಿ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿನಗೆ ಹೊಸ ಕೀಲು ಬಂದಿರುತ್ತದೆ. ಅದಕ್ಕೇ ಒಳ್ಳೆಯ ಸುದ್ದಿಯನ್ನು ಮೊದಲು ಬರೆಯುತ್ತೇನೆ, ಮಲಗಿಕೊಂಡು ಓದುವವರಿಗೆ ಅದೇ ಸರಿ.

ಡಾಕ್ಟರು ನೋಡಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಂಟಲಿನೊಳಗೆ ಸಣ್ಣ ಕೊಳವೆ ಬಿಟ್ಟು ನೋಡಿ, ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಈಗ ಅದಕ್ಕೆ ಹೆಸರು ಬಂದಿದೆ. ಅಪ್ಪ ಹೆದರುತ್ತಿದ್ದ ಹೆಸರೇ. ಧ್ವನಿಪೆಟ್ಟಿಗೆಯ ಮೇಲೆ, ಚಿಕ್ಕದಾಗಿದೆ, ಬೇರೆಲ್ಲೂ ಹೋಗಿಲ್ಲ. ಕತ್ತರಿಸಬೇಕಿಲ್ಲ, ಹಲವು ವಾರ ರೇಡಿಯೇಷನ್ ಕೊಟ್ಟರೆ ಸಾಕು, ಗುಣವಾಗುವ ಸಾಧ್ಯತೆಯೇ ಹೆಚ್ಚು ಅಂದರು. ಧ್ವನಿಯೂ ಬರುತ್ತದಂತೆ, ಸ್ವಲ್ಪ ಒರಟಾಗಿ. "ಇನ್ನೂ ಆರು ತಿಂಗಳು ಬಿಟ್ಟು ಬಂದಿದ್ರೆ ನಾನು ಬೇರೆ ಮಾತು ಹೇಳ್ಬೇಕಿತ್ತು" ಎಂದು ಆ ಡಾಕ್ಟರಮ್ಮ ಅಪ್ಪನಿಗಲ್ಲ, ನನಗೆ ಹೇಳಿದರು.

ವಿಮೆಯವರ ಉತ್ತರವೂ ಕೊನೆಗೆ ಬಂತು. ಇಲ್ಲ ಅಂದಿದ್ದಾರೆ. ಆಸ್ಪತ್ರೆಯವರು ಬಿಲ್ಲಿನಲ್ಲಿ ಸ್ವಲ್ಪ ಬಿಟ್ಟುಕೊಡುತ್ತಾರೆ, ಅಪ್ಪನ ಮೀನಿನ ದೋಣಿ ಮಾರಿಹೋಗುತ್ತದೆ, ಉಳಿದದ್ದಕ್ಕೆ ಊಟ. ಹೌದು, ಊಟ. ಶನಿವಾರ.

ಗಂಟಲಿಗೆ ವಿಶ್ರಾಂತಿ ಬೇಕೆಂದು ಅಪ್ಪ ಈಗ ಮಕ್ಕಳ ಸ್ಲೇಟಿನಲ್ಲಿ ಬರೆದು ಮಾತಾಡುತ್ತಾನೆ. ಆರ್ಡಿಸ್ ಊಟದ ಬಗ್ಗೆ ಕೇಳಲು ಬಂದಾಗ ಬರೆದ: 'ಮುಖ ಹಾಕುವುದಾದರೆ ಬಾಯಿ ತೆರೆದಿರುವ ಫೋಟೋ ಹಾಕಿ.' ಆರ್ಡಿಸ್ "ನಿನ್ನ ಬಾಯ್ಮುಚ್ಚಿರೋ ಫೋಟೋ ಯಾರತ್ರ ಇದೆಯೋ?" ಎಂದು ನಗುತ್ತ ಕಣ್ಣೊರೆಸಿಕೊಂಡಳು. ಜಾಡಿಯನ್ನು ನಾನು ಮತ್ತು ಅಪ್ಪ ಒಟ್ಟಿಗೇ ಬಂಕಿಗೆ ತೆಗೆದುಕೊಂಡು ಹೋದೆವು. ಗಲ್ಲಾದ ಪಕ್ಕ ಅಪ್ಪನೇ ಇಟ್ಟ. ಆಮೇಲೆ ಅಲ್ಲೇ ನಿಂತು ಪೆಟ್ರೋಲ್ ಹಾಕಿಸಿದ. ನಾನು ಆಚೆ ನೋಡುತ್ತಿದ್ದೆ.

ಅವನ ಮನಸ್ಸು ಬದಲಾಗಿದೆ ಎಂದುಕೊಳ್ಳಬೇಡ. 'ಬ್ರಿಟನ್ ಪದ್ಧತಿ ಮಾತ್ರ ಬೇಡ' ಎಂದು ಮೊನ್ನೆಯೂ ಬರೆದ. ಆದರೆ ಅದನ್ನು ಒರೆಸಿ ಇನ್ನೊಂದು ಬರೆದ: 'ಚಿಕ್ಕಮ್ಮನ ಸೊಂಟಕ್ಕೆ ದುಡ್ಡೇನೂ ಕೇಳುವುದಿಲ್ಲವಾ? ಏನೂ?' ಇಲ್ಲ ಅಂದೆ. 'ಆದರೆ ಕಾಯಿಸುತ್ತಾರೆ' ಎಂದು ಬರೆದ. ಹೌದು ಅಂದೆ. ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿದ. ಮಸೂದೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಟಿವಿಯಲ್ಲಿ ಈಗಲೂ ಕೂಗಾಡುತ್ತಿದ್ದಾರೆ. ಆದರೆ ಚರ್ಚಿನ ಆ ಒಂದೇ ಬೆಂಚಿನವರು ಫಲಕ ಕೆಳಗಿಟ್ಟು, ಯಾವ ಪೈ ಯಾರು ಮಾಡುವುದೆಂದು ಜಗಳವಾಡುತ್ತಿದ್ದಾರೆ. ಈ ಜಗಳ ನನಗೆ ಇಷ್ಟ.

ಒಂದು ಮಾತು ಉಳಿಯಿತು. ಡ್ವೇನ್ ಶನಿವಾರ ಮಗಳ ಮದುವೆಗೆಂದು ಬೇರೆ ಊರಿಗೆ ಹೋಗುತ್ತಾನೆ. "ಹಂಗಾದ್ರೆ ಪೈ ಕೂಗೋರು ಯಾರು?" ಎಂದು ಆರ್ಡಿಸ್ ಎಲ್ಲರನ್ನೂ ಕೇಳುತ್ತಿದ್ದಾಳೆ. ನನ್ನನ್ನು ಬಿಟ್ಟು ಎಲ್ಲರನ್ನೂ.

ಇವತ್ತು ಬೆಳಿಗ್ಗೆ ಅಪ್ಪ ಏಳುವ ಮುಂಚೆ ಹಿಂಬಾಗಿಲ ಮೆಟ್ಟಿಲ ಮೇಲೆ ಹೋಗಿ ನಿಂತೆ. ಜೋಳದ ಹೊಲದಲ್ಲಿ ಮಂಜಿತ್ತು. ಹೊಟ್ಟೆಯಿಂದ ಉಸಿರು ತೆಗೆದುಕೊಂಡು, ಅಪ್ಪ ಕರೆಯುವಂತೆಯೇ, 'ರೂಫಸ್' ಎಂದು ಕೂಗಿದೆ. ನನ್ನ ಸದ್ದಿಗೆ ನಾನೇ ಬೆಚ್ಚಿದೆ. ನಾಯಿ ಹೊಲದ ಆ ತುದಿಯಿಂದ ಒಂದೇ ಓಟದಲ್ಲಿ ಬಂದು ತಟ್ಟೆಗೆ ಬಾಯಿ ಹಾಕಿತು.

ಶನಿವಾರ ಪೈಗಳನ್ನು ನಾನು ಕೂಗುತ್ತೇನೆ. ಮೊದಲ ಪೈಯನ್ನು ಎತ್ತುವ ಮುಂಚೆ, ಎಲ್ಲರೂ ಸುಮ್ಮನಿರುವ ಆ ಗಳಿಗೆಯಲ್ಲಿ, ನಿನ್ನ ಕಾಗದದಿಂದ ಒಂದು ಪುಟ ಓದುತ್ತೇನೆ: ಸೊಂಟ, ಸಾಲು, ಬೈಗುಳ, ನಿನ್ನ ಸರದಿ, ಎಲ್ಲ. ಆಮೇಲೆ ನನ್ನದೇ ಒಂದು ಮಾತು ಹೇಳುತ್ತೇನೆ. ಈ ಊಟ ಚೆನ್ನಾಗಿದೆ, ಇನ್ನು ಮುಂದೆ ಇದನ್ನು ಯಾರಾದರೂ ಗುಣವಾಗಿ ಎದ್ದ ಸಂತೋಷಕ್ಕೆ ಮಾಡುವ ಹಾಗಾಗಲಿ ಎಂದು. ಆ ಮಾತು ನಿನ್ನ ಮೊದಲ ಕಾಗದದಿಂದ ಬಂದದ್ದು, ನೀನು ತಪ್ಪು ತಿಳಿದುಕೊಂಡಿದ್ದರಿಂದ.

ಆರ್ಡಿಸ್‌ಗೆ ಇನ್ನೂ ಹೇಳಿಲ್ಲ. ಅಪ್ಪನಿಗೂ ಇಲ್ಲ. ಅವನು ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ, ಕೈಯಲ್ಲಿ ಸ್ಲೇಟು ಇರುತ್ತದೆ. ಬೇಡವೆನ್ನಿಸಿದರೆ ಬರೆದು ತೋರಿಸಲಿ. ನಾನು ಓದಿ ಮುಗಿಸಿದ ಮೇಲೆ ನೋಡುತ್ತೇನೆ.

ನಿನ್ನ
ಮೇರನ್